ದೈನಿಚಿ, ವೈಕುಂಠ, ಮಿರಾಬಾಯಿ: ಗೋವೆಯ ಟಿಪ್ಪಣಿಗಳು

ಹಳೆ ಗೋವಾ, ಬಾಮ್ ಜೀಸಸ್ ಬೆಸಿಲಿಕಾ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ಬೆಳ್ಳಿಯ ಪೆಟ್ಟಿಗೆಯನ್ನು ಜನ ತಲೆಯೆತ್ತಿ ನೋಡುತ್ತಿದ್ದಾರೆ. ಇಲ್ಲಿ ನನ್ನನ್ನು ಕಾಡುವುದು ಅವರ ಪವಾಡಗಳಲ್ಲ, ಜಪಾನಿನಲ್ಲಿ ಅವರಿಗೆ ಎದುರಾದ ಪೇಚು. ಆಂಜಿರೋ ಎಂಬ ಜಪಾನೀಯ ಗೋವೆಗೆ ಬಂದು ಸೇಂಟ್ ಪಾಲ್ ಕಾಲೇಜಿನಲ್ಲಿ ಕಲಿತು, 1548ರಲ್ಲಿ ಇಲ್ಲೇ ದೀಕ್ಷಾಸ್ನಾನ ಪಡೆದ. ಮರುವರ್ಷ ಝೇವಿಯರ್ ಅವನೊಡನೆ ಜಪಾನಿಗೆ ಹೋದರು. ದೇವರಿಗೆ ಅವನು ಸೂಚಿಸಿದ ಹೆಸರು ‘ದೈನಿಚಿ’. ಝೇವಿಯರ್ ಆ ಹೆಸರನ್ನೇ ಸಾರುತ್ತ ಹೋದರು. ದೈನಿಚಿ ಎಂದರೆ ಶಿಂಗೋನ್ ಪಂಥದವರ ಮಹಾವೈರೋಚನ ಬುದ್ಧ, ಭಾರತದಿಂದಲೇ ಅಷ್ಟು ದೂರ ಹೋಗಿದ್ದ ಹೆಸರು! ಇದು ತಿಳಿದ ಮೇಲೆ ದೈನಿಚಿಯನ್ನು ಪೂಜಿಸಬೇಡಿ ಎಂದು ಸಾರಬೇಕಾಯಿತು. ಅಲ್ಲಿಂದ ಲ್ಯಾಟಿನ್ನಿನ ‘ದೇವುಸ್’ ಬಂತು. ಅರ್ಥವಿದ್ದ ಹೆಸರು ತಪ್ಪಾಯಿತು, ತಪ್ಪಿಲ್ಲದ ಹೆಸರಿಗೆ ಕೇಳುವವರ ಮನಸ್ಸಿನಲ್ಲಿ ಅರ್ಥವೇ ಇರಲಿಲ್ಲ. ಇವೆರಡರ ನಡುವೆ ಮೂರನೆಯ ದಾರಿ ಇತ್ತೇ?

*

ರಾಚೋಲ್. ಇಂಗ್ಲೆಂಡಿನ ಜೆಸ್ಯುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾದದ್ದು ಇಲ್ಲಿ. 1579ರಲ್ಲಿ ಗೋವೆಗೆ ಬಂದ ಅವರು ಈ ಸಾಲ್ಸೆಟ್ ಸೀಮೆಯಲ್ಲೇ ಬಾಳು ಸವೆಸಿದರು. ಹೊಸದಾಗಿ ಕ್ರೈಸ್ತರಾದವರ ಕೈಯಿಂದ ಹಳೆಯ ಪುರಾಣಗಳು ಹೋಗಿದ್ದವು, ಹಾಡಲು ಏನೂ ಉಳಿದಿರಲಿಲ್ಲ. ಆ ಕೊರತೆಗಾಗಿ ಅವರು ಸುಮಾರು 11,000 ಓವಿಗಳಲ್ಲಿ ಬೈಬಲ್ ಕಥೆ ಹೇಳಿದರು. ಭಾಷೆ ಮರಾಠಿ, ಛಂದಸ್ಸು ಜ್ಞಾನೇಶ್ವರ, ಏಕನಾಥರದು.

ಅವರ ಪದಗಳ ಆಯ್ಕೆ ನನ್ನನ್ನು ಬೆರಗುಗೊಳಿಸುತ್ತದೆ. ದೇವರು ಪರಮೇಶ್ವರ, ಸ್ವರ್ಗ ವೈಕುಂಠ. ವೈಕುಂಠ ಎಂದೊಡನೆ ಶೇಷಶಯನನೂ ಲಕ್ಷ್ಮಿಯೂ ಕಣ್ಣಿಗೆ ಬಾರದೆ ಇರುತ್ತಾರೆಯೇ? ಮೊನ್ನೆಮೊನ್ನೆಯವರೆಗೆ ದೇವಸ್ಥಾನದ ಅಂಗಳದಲ್ಲಿ ಪುರಾಣ ಕೇಳಿದ್ದ ಹೆಂಗಸು ಆ ಪದ ಕೇಳಿ ಏನನ್ನು ಕಂಡಿರಬೇಕು? ಇಷ್ಟು ಧೈರ್ಯದ ಪಕ್ಕದಲ್ಲೇ ಒಂದು ಹಿಂಜರಿಕೆಯೂ ಇದೆ. ಗೋವೆಯ ಕ್ರೈಸ್ತರ ಹಳೆಯ ಕೊಂಕಣಿ ಪ್ರಾರ್ಥನೆಯಲ್ಲಿ ತಂದೆ ‘ಬಾಪ್’ ಆದ, ಮಗ ‘ಪುತ್ರ’ನಾದ, ಪವಿತ್ರಾತ್ಮ ಮಾತ್ರ ‘ಸ್ಪಿರಿತ್ ಸಾಂತ್’ ಆಗಿಯೇ ಉಳಿಯಿತು. ಇನ್‌ಕ್ವಿಸಿಷನ್ನಿನ ಭಯ ಒಂದು ಕಾರಣವಿದ್ದೀತು. ಆದರೆ ‘ಆತ್ಮ’ ಎಂದರೆ ಇಡೀ ವೇದಾಂತವೇ ಬೆನ್ನಿಗೆ ಬರುತ್ತದೆ ಎಂಬುದು ಈ ಪಾದ್ರಿಗಳಿಗೆ ಗೊತ್ತಿತ್ತು ಎಂದೇ ನನಗೆ ತೋರುತ್ತದೆ. ಅನುವಾದಿಸದೆ ಬಿಟ್ಟದ್ದರಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ.

ಅಲ್ಲಮನನ್ನು ಓದಿದ ನಮಗೆ ಬೇರೊಂದು ದಾರಿ ಗೊತ್ತು. ಹೇಳಬರದ್ದನ್ನು ಹೇಳಲು ಅವನು ಮಾತಿನ ಅರ್ಥವನ್ನೇ ತಲೆಕೆಳಗು ಮಾಡಿ ಬೆಡಗು ಕಟ್ಟಿದ. ಸ್ಟೀಫನ್ಸ್‌ಗೆ ಆ ಸ್ವಾತಂತ್ರ್ಯವಿರಲಿಲ್ಲ. ಅನುಭಾವಿಯ ಮಾತು ಕೇಳಿದವನ ತಳಮಳ ಹೆಚ್ಚಿಸಿದರೂ ನಡೆದೀತು. ಧರ್ಮೋಪದೇಶದ ಮಾತು ಎಲ್ಲರಿಗೂ ಒಂದೇ ಅರ್ಥ ಕೊಡಬೇಕು. ಭಾಷೆ ಸೋಲುವುದು ಎರಡನೆಯ ಕೆಲಸದಲ್ಲೇ ಹೆಚ್ಚು.

ಅವರಿಗೆ ಲಿಪಿಯೂ ಸಿಗಲಿಲ್ಲ. ಈ ನಾಡಿನ ಅಕ್ಷರದಲ್ಲೇ ಪುಸ್ತಕ ಅಚ್ಚಾಗಲಿ ಎಂಬ ಆಸೆಯನ್ನು ಅವರು 1608ರ ಪತ್ರದಲ್ಲಿ ರೋಮಿಗೆ ತಿಳಿಸಿದ್ದರು. ಸುಮಾರು 600 ಅಚ್ಚುಗಳು ಬೇಕಾಗುತ್ತಿದ್ದವು. ಕೊನೆಗೆ ಪುರಾಣ ಬಂದದ್ದು ರೋಮನ್ ಲಿಪಿಯಲ್ಲಿ.

*

‘ಕ್ರಿಸ್ತಪುರಾಣ’ದ ಮೊದಲ ಮೂರು ಮುದ್ರಣಗಳ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಪುಸ್ತಕ ಉಳಿದದ್ದು ನಮ್ಮ ಕರಾವಳಿಯಿಂದ. ಗೋವೆ ಬಿಟ್ಟು ಕೆನರಾ ಸೀಮೆಗೆ ಬಂದ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕೈಬರಹದ ಪ್ರತಿಗಳಿದ್ದವು. ಅವುಗಳನ್ನು ಆಧರಿಸಿ ಜೆ. ಎಲ್. ಸಲ್ಡಾನ 1907ರಲ್ಲಿ ಮಂಗಳೂರಿನಲ್ಲಿ ಪುರಾಣವನ್ನು ಮತ್ತೆ ಅಚ್ಚಿಗೆ ತಂದರು. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು ಮತ್ತು ಕನ್ನಡ, ಪುರಾಣ ಹಳೆಯ ಮರಾಠಿ. ಇಗರ್ಜಿಯ ಮಿಸ್, ಅಂದರೆ ಬಲಿಪೂಜೆ, ಲ್ಯಾಟಿನ್ನಿನಲ್ಲಿ. ಅದು ಜನರ ಮಾತಿಗೆ ಬಂದದ್ದು ಎರಡನೆಯ ವ್ಯಾಟಿಕನ್ ಸಭೆಯ (1962–65) ಬಳಿಕ. ಅಷ್ಟು ತಲೆಮಾರುಗಳು ಪೂರ್ತಿ ಅರ್ಥವಾಗದ ಮಾತಿನ ಮುಂದೆ ಮಂಡಿಯೂರಿದವು. ಅವರ ಭಕ್ತಿ ನಮ್ಮದಕ್ಕಿಂತ ಕಡಿಮೆಯಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

*

1684: ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ತುಗೀಸ್ ಆಡಬೇಕೆಂದು ವೈಸ್‌ರಾಯ್ ಆಜ್ಞೆ ಹೊರಡಿಸಿದ. ದೇವರಿಗೆ ಯಾವ ಮಾತೂ ಸಾಲದು ಎಂಬುದು ಒಂದು ನಮ್ರತೆ. ನಿನ್ನ ಮಾತು ಸಾಲದು ಎಂಬುದು ದಬ್ಬಾಳಿಕೆ. ಗೋವೆ ಎರಡನ್ನೂ ಕಂಡಿದೆ.

*

ಮಾಪ್ಸಾ, ಮಿಲಾಗ್ರಿಸ್ ಸಾಯ್ಬಿಣಿಯ, ಅಂದರೆ ಮೇರಿಮಾತೆಯ, ಫೆಸ್ತ್. ಈಸ್ಟರ್ ಕಳೆದ ಮೇಲಿನ ಈ ಹಬ್ಬದಲ್ಲಿ ಹಿಂದೂಗಳೂ ಎಣ್ಣೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಜನರ ಕಥೆಯಲ್ಲಿ ಏಳು ಅಕ್ಕತಂಗಿ ದೇವಿಯರು. ಅವರಲ್ಲಿ ಲೈರಾಯಿ ಶಿರಗಾಂವ್‌ನಲ್ಲಿ ನಿಂತಳು. ಮಿರಾಬಾಯಿ ಮಾಪ್ಸಾಕ್ಕೆ ಹೋಗಿ ಮಿಲಾಗ್ರಿಸ್ ಆದಳು. ಇಗರ್ಜಿಯಿಂದ ಲೈರಾಯಿಗೆ ಎಣ್ಣೆ, ಲೈರಾಯಿಯಿಂದ ಇಗರ್ಜಿಗೆ ಮಲ್ಲಿಗೆ. ಇದು ವಾಡಿಕೆ.

ಪಾದ್ರಿಯೂ ಪೂಜಾರಿಯೂ ಕೂತು ಇದನ್ನು ಇಬ್ಬರೂ ಒಪ್ಪುವ ಒಂದು ವಾಕ್ಯದಲ್ಲಿ ಬರೆಯಲಾರರು. ಮೇರಿ ದೇವಿಯಲ್ಲ ಎಂದು ಒಬ್ಬರು ಹೇಳಲೇಬೇಕು, ತಮ್ಮ ದೇವಿ ಬರಿಯ ಸಂತಳಲ್ಲ ಎಂದು ಇನ್ನೊಬ್ಬರು. ಹಾಗೆಂದು ಇದನ್ನು ನೆರೆಹೊರೆಯ ಸೌಹಾರ್ದ ಎಂದಷ್ಟೇ ಕರೆದು ಮುಗಿಸಲು ನನಗೆ ಮನಸ್ಸಿಲ್ಲ. ಎಣ್ಣೆ ತಂದವರು ಹರಕೆ ಹೊತ್ತು ಬಂದವರು, ತಮ್ಮ ಕಷ್ಟ ಕೇಳುವವಳು ಒಳಗಿದ್ದಾಳೆ ಎಂದು ನಂಬಿದವರು. ಯಾರೆಂದು ನಂಬಿ ತಂದಿರಿ ಎಂದು ಸಾಲಿನಲ್ಲಿದ್ದ ಒಬ್ಬರನ್ನು ಕೇಳಬೇಕೆನ್ನಿಸಿತು. ಕೇಳಿದರೆ ದೇವಿಯೋ ಸಂತಳೋ ಎಂದು ಅವರು ಒಂದು ಪದ ಆರಿಸಿಕೊಳ್ಳಬೇಕಾಗುತ್ತಿತ್ತು. ಕೇಳಲಿಲ್ಲ.