ನೊಳಂಬರ ಹೆಂಜೇರು ಈಗ ಹೇಮಾವತಿ

ಶಿರಾ ತಾಲೂಕಿನ ಗಡಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ಅಮರಾಪುರದ ಸಮೀಪ ಹೇಮಾವತಿ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಶಾಸನಗಳಲ್ಲಿ ಇದರ ಹೆಸರು ಹೆಂಜೇರು. 9-10ನೇ ಶತಮಾನಗಳಲ್ಲಿ ನೊಳಂಬವಾಡಿ 32,000 ಪ್ರಾಂತ್ಯವನ್ನು ಆಳಿದ ನೊಳಂಬ ಪಲ್ಲವರ ರಾಜಧಾನಿ ಇದೇ ಎಂದರೆ ಹೊಸಬರು ನಂಬುವುದು ಕಷ್ಟ.

ನಂಬಿಸಲು ಕಲ್ಲುಗಳಿವೆ. ದೊಡ್ಡೇಶ್ವರ ಗುಡಿಯ ಮುಂದೆ ಕರಿಕಲ್ಲಿನ ಭಾರಿ ನಂದಿ ಮಲಗಿದೆ. ಗೋಡೆಯ ಜಾಲಂಧ್ರಗಳಲ್ಲಿ ಬಳ್ಳಿಯ ಸುರುಳಿಗಳ ನಡುವೆ ದೇವಮೂರ್ತಿಗಳು ಅರಳಿವೆ. ಸಿದ್ಧೇಶ್ವರ ಗುಡಿಯ ಗರ್ಭಗೃಹದಲ್ಲಿ ಲಿಂಗವಿಲ್ಲ. ಶಿವ ಇಲ್ಲಿ ಮನುಷ್ಯರೂಪದಲ್ಲಿ ಕುಳಿತು ಪೂಜೆಗೊಳ್ಳುತ್ತಾನೆ.

ಗಂಗ ದೊರೆ ಎರಡನೇ ಮಾರಸಿಂಹ ನೊಳಂಬರನ್ನು ಸದೆಬಡಿದು 'ನೊಳಂಬಕುಲಾಂತಕ' ಎನಿಸಿಕೊಂಡ. ಬಳಿಕ ದಂಡೆತ್ತಿ ಬಂದ ಚೋಳರು ಇಲ್ಲಿನ ಕೆತ್ತನೆಯ ಕಂಬಗಳನ್ನೇ ಕಿತ್ತು ತಂಜಾವೂರಿನ ಬಳಿಯ ತಿರುವಯ್ಯಾರಿಗೆ ಸಾಗಿಸಿದರು. ಅಲ್ಲಿನ ದೇಗುಲದಲ್ಲಿ ಅವು ಇಂದಿಗೂ ನಿಂತಿವೆ. ಕೆಲವು ಶಿಲ್ಪಗಳು ಚೆನ್ನೈ ವಸ್ತುಸಂಗ್ರಹಾಲಯ ಸೇರಿವೆ.

1953ರಲ್ಲಿ ಆಂಧ್ರ ರಾಜ್ಯಕ್ಕೆ ಸೇರಿದ ಮಡಕಶಿರಾ ಸೀಮೆ 1956ರ ಮರುವಿಂಗಡಣೆಯಲ್ಲೂ ಅಲ್ಲೇ ಉಳಿಯಿತು. ಆದರೂ ಈ ಭಾಗದ ಬಹಳಷ್ಟು ಮನೆಗಳ ಮಾತು ಕನ್ನಡ. ಇಲ್ಲಿನ ಹಳೆಯ ಶಾಸನಗಳ ನುಡಿಯೂ ಕನ್ನಡವೇ. ಶಿರಾ ಕೋಟೆ ನೋಡಲು ಬಂದವರು ಇನ್ನರ್ಧ ದಿನ ಬಿಡುವು ಮಾಡಿಕೊಂಡರೆ, ನಾಡಿನ ನಕ್ಷೆಯಿಂದ ಹೊರಗುಳಿದ ಈ ಕನ್ನಡ ರಾಜಧಾನಿಯನ್ನೂ ಕಂಡು ಬರಬಹುದು.