ಬೇಸಿಗೆ ಬಂದ ನೆಗಡಿ!

ಟಿವಿಯಲ್ಲಿ ‘ಗೀತಾ’ (1981) ನೋಡಿದ ಗೆಳೆಯರೆಲ್ಲ ಶಂಕರ್‌ನಾಗ್ ಹಿಂದೆ ಬಿದ್ದರೆ, ಇಳಯರಾಜಾ ಸಂಗೀತ ಕೇಳಿದ ನಾನು ಬಿದ್ದದ್ದು ಬೇಸ್ ಗಿಟಾರಿನ ಹಿಂದೆ! ಇಂದು ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆಯುವ ನಾನು ಅಂದು ಪಿಯುಸಿ ಅರ್ಧಕ್ಕೆ ಬಿಟ್ಟು ಗಂಗಾವತಿಯ ರಸಮಂಜರಿ ತಂಡ ಸೇರಿದ್ದೆ.

ಹಳೆಯ ಬೇಸಿಗೆ ನಾನೇ ಪ್ರಿಆಂಪ್ ಕೂಡಿಸಿದೆ. ಕಿವಿ ತಿರುಗಿಸಿದರೆ ದನಿ ಏರಿಳಿಸುವ ಬಿಡಿಭಾಗವೇ ಪಾಟು. ಪ್ರಿಆಂಪಿನ ಜೊತೆ ಬಂದದ್ದು 25 ಕೆ. ತಂತಿಯ ನಡುಕ ಹಿಡಿಯುವ ಎರಡು ಪಿಕಪ್ ಬೆರೆಸಲಿಕ್ಕೂ 25 ಕೆ ಪಾಟನ್ನೇ ಹಾಕಿಬಿಟ್ಟೆ. ಕುಷ್ಟಗಿಯ ವೇದಿಕೆಯಲ್ಲಿ ದನಿ ಕಂಬಳಿ ಹೊದ್ದು ಮಲಗಿತು. ಹಾಡುವ ಅಣ್ಣ ಮೈಕಿನಲ್ಲೇ, “ಏನಲೇ ತಮ್ಮಾ, ನಿನ್ನ ಬೇಸಿಗೆ ನೆಗಡಿ ಬಂದೈತೇನು?” ಎಂದ. ಜನ ನಕ್ಕರು. ಯಲಬುರ್ಗಾಕ್ಕೆ ಬೇರೆಯವನನ್ನು ಕರೆಯುವ ಮಾತೂ ಎದ್ದಿತು.

ಕೊಪ್ಪಳದ ರೇಡಿಯೋ ರಿಪೇರಿ ಕಾಕಾ ಬಿಚ್ಚಿ ನೋಡಿ ಬೈದರು: “ಪಿಕಪ್ಪಿಗೆ ಕಸುವು ಕಮ್ಮಿ. 25 ಕೆ ಭಾರ ಹೊರಿಸಿದರ ಟ್ರೆಬಲ್ ಸತ್ತ ಹೋಗತೈತಿ. ಪ್ರಿಆಂಪಿಗೆ ಹೋಗೂಕಿಂತ ಮೊದಲ 250 ಕೆ, ಹೊರಗ ಬಂದ ಮ್ಯಾಲ 25 ಕೆ!”

ಬೆರೆಸಲು 250 ಕೆ ಜೋಡಿ ಪಾಟು ಬಂತು; ನಡುವೆ ನಿಲ್ಲಿಸಿದರೆ ಎರಡೂ ಪಿಕಪ್ ಪೂರ್ತಿ ದನಿ ಕೊಡುವಂಥದು. ಹೊರಗಿನ ವಾಲ್ಯೂಮಿಗೆ 25 ಕೆ ಲಾಗ್ ಪಾಟು. ಲೀನಿಯರ್ ಹಾಕಿದರೆ ಚೂರು ತಿರುಗಿಸಿದೊಡನೆ ಅಬ್ಬರ. ಲಾಗ್ ಆದರೆ ಕಿವಿಗೆ ಹದವಾಗಿ ಏರುತ್ತದೆ.

ಯಲಬುರ್ಗಾದಲ್ಲಿ ನಾನೇ ನುಡಿಸಿದೆ. ಅಣ್ಣ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಬೇಸ್ ನುಡಿಸುವವನಿಗೆ ಅದಕ್ಕಿಂತ ದೊಡ್ಡ ಚಪ್ಪಾಳೆ ಬೇಕೆ, ಮಿತ್ರರೇ?