ಕಚೇರಿಯೊಳಗಣ ಕಚೇರಿ

2008ರ ಮಾರ್ಚಿಯಲ್ಲಿ ಅಮೆರಿಕದ ಆಸ್ಟಿನ್ ನಗರದ ಪಾನಗೃಹವೊಂದರಲ್ಲಿ ಲಾರಾ ಗಿಬ್ಸನ್ ಎಂಬ ಗಾಯಕಿಯು ಹಾಡುತ್ತಿರಲು, ಜನರ ಗದ್ದಲದಲ್ಲಿ ಆಕೆಯ ಮೃದುಕಂಠವು ಮುಳುಗಿಹೋಯಿತು. ಕೇಳಲೆಂದು ಬಂದಿದ್ದವರು ವಾಷಿಂಗ್ಟನ್ನಿನ ನ್ಯಾಷನಲ್ ಪಬ್ಲಿಕ್ ರೇಡಿಯೋ ಸಂಸ್ಥೆಯ ಬಾಬ್ ಬಾಯ್ಲನ್ ಮತ್ತು ಸ್ಟೀಫನ್ ಥಾಂಪ್ಸನ್. ಬಾಯ್ಲನ್ನರ ಮೇಜಿನ ಬಳಿಗೇ ಬಂದು ಹಾಡಬಹುದಲ್ಲವೆ ಎಂದು ಥಾಂಪ್ಸನ್ನರು ವಿನೋದಕ್ಕೆ ನುಡಿದರು. ಆಕೆ ಬಂದೇಬಿಟ್ಟರು!

ಅಲ್ಲಿಂದ ಮೊದಲಾದುದು ಆ ಕಚೇರಿಯ ಪುಸ್ತಕದ ಕಪಾಟುಗಳ ಮುಂದಣ ಸಂಗೀತ ಕಚೇರಿ. (ನಮ್ಮ ನುಡಿಯಲ್ಲಿ ಎಂತಹ ಸಹಜಶ್ಲೇಷೆ!) ಸುತ್ತ ನಿಲ್ಲುವವರು ಬಹುಪಾಲು ಅಲ್ಲಿಯ ನೌಕರರೇ; ಕೈಚಾಚಿದರೆ ಗಾಯಕನು ಸಿಕ್ಕುವಷ್ಟು ಸಮೀಪ. ಕಂಠವನ್ನು ಸಭೆಗೆ ಮುಟ್ಟಿಸಲು ಧ್ವನಿವರ್ಧಕವಿಲ್ಲ. ಸಹಸ್ರಾರು ಜನರೆದುರು ಅಬ್ಬರಿಸಿ ರೂಢಿಯಾದ ರಾಕ್ ಗಾಯಕನಿಗೆ ಇದೇ ನಿಜವಾದ ಪರೀಕ್ಷೆ. ಇಲ್ಲಿ ಉಸಿರಿಗೂ ತಪ್ಪಿದ ಸ್ವರಕ್ಕೂ ಮರೆಯೆಂಬುದಿಲ್ಲ. ಗೆಳೆಯನ ದನಿಯು ಕೇಳಿಸಲೆಂದು ಡ್ರಮ್ಮಿನ ಮೇಲೆ ಬಟ್ಟೆಯನ್ನು ಹೊದಿಸಿ ಬಾರಿಸಿದವರೂ ಉಂಟು.